ಕೆರೆಗೆ ನೀರು ಕೇಳುವ ಮುನ್ನ: ಒಂದು ಅರ್ಜಿಯ ಲೆಕ್ಕ ಮತ್ತು ಪಾಠ

ಅಳದ ಮಗುವಿಗೆ ಹಾಲಿಲ್ಲ ಎಂಬ ಗಾದೆ ನಮ್ಮ ಬೆಳೆಗಾರ ಬಂಧುಗಳಿಗೆಲ್ಲ ಗೊತ್ತು. ಆದರೆ ಅಳುವುದಕ್ಕೂ ಒಂದು ಕ್ರಮವಿದೆ ಎಂಬುದನ್ನು ನಾವು ತಡವಾಗಿ ಕಲಿಯುತ್ತೇವೆ. ಸರ್ಕಾರದ ಅನುದಾನದಿಂದ ಊರಿನ ಕೆರೆ ದುರಸ್ತಿಯಾಗಬೇಕು, ಹಳ್ಳಕ್ಕೊಂದು ಒಡ್ಡು ಬೀಳಬೇಕು, ತೋಟಕ್ಕೆ ಹೋಗುವ ದಾರಿಗೊಂದು ಸೇತುವೆ ಆಗಬೇಕು ಎಂದು ನಾವು ಬರೆಯುವ ಅರ್ಜಿಗಳಲ್ಲಿ ಬಹುಪಾಲು ಕಡತದಲ್ಲೇ ಮಲಗುತ್ತವೆ. ದೋಷವನ್ನು ನಾವು ಯಾವಾಗಲೂ ಕಚೇರಿಯ ಮೇಲೆ ಹೊರಿಸುತ್ತೇವೆ. ಕೆಲವು ಸಲ ಅದು ನಿಜ. ಕೆಲವು ಸಲ ದೋಷ ಅರ್ಜಿಯಲ್ಲೇ ಇರುತ್ತದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಅಡಿಕೆ ಬೆಳೆಗಾರರಿಗೆ ಈ ವಿಷಯವನ್ನು ವಿವರಿಸಲು ದೂರದ ಉದಾಹರಣೆ ಬೇಕಿಲ್ಲ. ನಮ್ಮ ಸೀಮೆಯಲ್ಲಿ ಬರೆಯಲ್ಪಟ್ಟ ಅತಿ ದೊಡ್ಡ ಅನುದಾನದ ಅರ್ಜಿ ಯಾವುದೆಂದು ಕೇಳಿದರೆ ಶಾಲೆಯ ಮಗುವೂ ಹೇಳೀತು: ಭದ್ರಾ ಮೇಲ್ದಂಡೆ ಯೋಜನೆ. ಅತಿ ಚಿಕ್ಕ ಅರ್ಜಿಗಳಲ್ಲಿ ಒಂದನ್ನು ನಾವೇ ಬರೆದಿದ್ದೇವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನಮಗೆ ತೋರಿದ ಸಂಗತಿಗಳನ್ನು ಸದಸ್ಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಟ್ಯಾಂಕರಿನ ದಿನಗಳು

2016ರಿಂದ 2019ರ ವರೆಗಿನ ಬರಗಾಲವನ್ನು ಈ ಸೀಮೆಯ ಅಡಿಕೆ ಬೆಳೆಗಾರ ಮರೆಯಲಾರ. ಸಾವಿರ ಅಡಿ ಕೊರೆಸಿದರೂ ಧೂಳು. ಹೊಳಲ್ಕೆರೆ, ಹೊಸದುರ್ಗದ ರಸ್ತೆಗಳಲ್ಲಿ ಹಗಲಿರುಳೂ ನೀರಿನ ಟ್ಯಾಂಕರುಗಳು ಓಡಿದವು. ಲೆಕ್ಕ ಸರಳ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿಯೂ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕು. ಎಕರೆಗೆ 550 ಮರವೆಂದರೆ ದಿನಕ್ಕೆ 11,000 ಲೀಟರ್, ಅಂದರೆ ಸುಮಾರು ಎರಡು ಟ್ಯಾಂಕರ್. ಒಂದು ಎಕರೆಗೆ, ಒಂದು ದಿನಕ್ಕೆ! ಹೀಗೆ ನೂರು ದಿನ ನೀರು ಹೊಡೆಸಿದವನ ಮನೆಯಲ್ಲಿ ಏನು ಉಳಿದೀತು? ಒಡವೆ ಅಡವಿಟ್ಟವರಿದ್ದಾರೆ. ಅಡವಿಡಲು ಏನೂ ಇಲ್ಲದವರು ಹದಿನೈದು ವರ್ಷದ ಮರಗಳ ಸುಳಿ ಬಾಗುವುದನ್ನು ನೋಡುತ್ತ ಕುಳಿತರು.

ವರ್ಷಕ್ಕೆ 500ರಿಂದ 600 ಮಿಲಿಮೀಟರ್ ಮಳೆ ಬೀಳುವ ನಾಡು ಇದು. ಇಲ್ಲಿ ಅಡಿಕೆ ನಿಂತಿರುವುದು ಮಳೆಯ ಮೇಲಲ್ಲ, ನೆಲದೊಳಗಿನ ನೀರಿನ ಮೇಲೆ. ನೆಲದೊಳಗಿನ ನೀರು ನಿಂತಿರುವುದು ಕೆರೆಗಳ ಮೇಲೆ. ಕೆರೆ ಬತ್ತಿದರೆ ಭೀಮಸಮುದ್ರದ ವ್ಯಾಪಾರಿಯ ಮಂಡಿಯೂ ಬತ್ತಿದಂತೆಯೇ. ಆದ್ದರಿಂದ ಕೆರೆಯ ಅರ್ಜಿ ಎಂಬುದು ನಮ್ಮ ಪಾಲಿಗೆ ಕಾಗದದ ಮಾತಲ್ಲ, ಬದುಕಿನ ಮಾತು.

ದೊಡ್ಡ ಅರ್ಜಿಯ ಕಥೆ

ಭದ್ರಾ ಮೇಲ್ದಂಡೆ ಯೋಜನೆಯ ತಿರುಳು ಇಷ್ಟು. ತುಂಗಾ ನದಿಯಿಂದ 17.40 ಟಿ.ಎಂ.ಸಿ. ನೀರನ್ನು ಎತ್ತಿ ಭದ್ರಾ ಜಲಾಶಯಕ್ಕೆ ತರುವುದು; ಭದ್ರಾದಿಂದ 29.90 ಟಿ.ಎಂ.ಸಿ. ಎತ್ತಿ ಅಜ್ಜಂಪುರದ ಬಳಿಯ ಸುರಂಗದ ಮೂಲಕ ಬಯಲುಸೀಮೆಗೆ ಹರಿಸುವುದು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ, ಅಂದರೆ ಸುಮಾರು 5.57 ಲಕ್ಷ ಎಕರೆಗೆ ಸೂಕ್ಷ್ಮ ನೀರಾವರಿ. ಅದರ ಜೊತೆಗೆ 367 ಕೆರೆಗಳನ್ನು ಅರ್ಧ ಸಾಮರ್ಥ್ಯದವರೆಗೆ ತುಂಬಿಸುವುದು.

ಈ ಯೋಜನೆಗೆ ರಾಜ್ಯ ಸರ್ಕಾರ 2003ರಲ್ಲಿ ಆಡಳಿತ ಅನುಮೋದನೆ ಕೊಟ್ಟಾಗ ಅಂದಾಜು 2,813 ಕೋಟಿ ರೂ. 2008ರಲ್ಲಿ ಅದು 5,985 ಕೋಟಿಯಾಯಿತು. ಮುಂದೆ 12,340 ಕೋಟಿಗೆ ಏರಿ, 2020ರ ಡಿಸೆಂಬರಿನಲ್ಲಿ 21,473.67 ಕೋಟಿಗೆ ಬಂದು ನಿಂತಿತು. ಹದಿನೇಳು ವರ್ಷಗಳಲ್ಲಿ ಏಳೂವರೆ ಪಟ್ಟು! ತಡವಾದ ಕಾಮಗಾರಿಗೆ ಬಡ್ಡಿ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕೆ?

ಇಷ್ಟು ಹಣ ಒಂದು ರಾಜ್ಯದ ಬೊಕ್ಕಸದಿಂದ ಬರುವುದು ಕಷ್ಟ. ಆದ್ದರಿಂದ ಯೋಜನೆಯನ್ನು ರಾಷ್ಟ್ರೀಯ ಯೋಜನೆಯ ಪಟ್ಟಿಗೆ ಸೇರಿಸಬೇಕೆಂದು ರಾಜ್ಯವು ಕೇಂದ್ರಕ್ಕೆ ಮನವಿ ಸಲ್ಲಿಸಿತು. ಮನವಿ ಎಂದರೆ ಎರಡು ಹಾಳೆಯ ಪತ್ರವಲ್ಲ. ನೀರು ಎಲ್ಲಿಂದ ಬರುತ್ತದೆ, ಆ ನೀರಿನ ಮೇಲೆ ನಮಗೆ ಹಕ್ಕಿದೆಯೆ, ಯಾರ ಜಮೀನು ಹೋಗುತ್ತದೆ, ಎಷ್ಟು ಕಾಡು ಹೋಗುತ್ತದೆ, ಎಷ್ಟು ವಿದ್ಯುತ್ ಬೇಕು, ಹಾಕಿದ ರೂಪಾಯಿಗೆ ಎಷ್ಟು ಫಲ ಎಂಬ ಪ್ರಶ್ನೆಗಳಿಗೆಲ್ಲ ಉತ್ತರವಿರುವ ವಿಸ್ತೃತ ವರದಿ. ರಾಷ್ಟ್ರೀಯ ಯೋಜನೆಯ ಅರ್ಹತೆಗಳಲ್ಲಿ ಒಂದು, ಹೊಸದಾಗಿ 2 ಲಕ್ಷ ಹೆಕ್ಟೇರಿಗಿಂತ ಹೆಚ್ಚು ಭೂಮಿಗೆ ನೀರಾವರಿ ದೊರೆಯಬೇಕು, ನೀರಿನ ಹಂಚಿಕೆಯಲ್ಲಿ ತಕರಾರು ಇರಬಾರದು ಎಂಬುದು. 2,25,515 ಹೆಕ್ಟೇರು ಎಂಬ ಅಂಕಿಯ ಮಹತ್ವ ಇಲ್ಲಿದೆ. ಕಾಲುವೆಯಲ್ಲಿ ನೀರು ಹಾಯಿಸುವ ಹಳೆಯ ಪದ್ಧತಿಯಲ್ಲಿ ಇಷ್ಟು ನೀರು ಇಷ್ಟು ಭೂಮಿಗೆ ಸಾಲದು. ಹನಿ ಮತ್ತು ತುಂತುರು ಪದ್ಧತಿಯನ್ನು ಯೋಜನೆಯ ಒಳಗೇ ಸೇರಿಸಿದ್ದರಿಂದ ಅದೇ ನೀರು ಹೆಚ್ಚು ಭೂಮಿಗೆ ಹರಡಿತು. ಅರ್ಜಿ ಬರೆಯುವವನು ಕೊಡುವವನ ನಿಯಮವನ್ನು ಮೊದಲು ಓದಬೇಕು ಎಂಬುದು ಇದರಿಂದ ಕಲಿಯಬೇಕಾದ ಮೊದಲ ಪಾಠ.

ಕೇಂದ್ರದ ತಾಂತ್ರಿಕ ಸಲಹಾ ಸಮಿತಿ 2020ರ ಡಿಸೆಂಬರಿನಲ್ಲಿ ಯೋಜನೆಯನ್ನು ಅಂಗೀಕರಿಸಿತು. ಅಲ್ಲಿ ಒಪ್ಪಿದ ವೆಚ್ಚ 16,125.48 ಕೋಟಿ ರೂ. ರಾಜ್ಯದ ಅಂಕಿ ಬೇರೆ, ಕೇಂದ್ರ ಒಪ್ಪಿದ ಅಂಕಿ ಬೇರೆ ಎಂಬುದನ್ನು ಗಮನಿಸಿರಿ. 2022ರ ಫೆಬ್ರವರಿಯಲ್ಲಿ ಉನ್ನತಾಧಿಕಾರ ಸಮಿತಿ ರಾಷ್ಟ್ರೀಯ ಯೋಜನೆಯಾಗಿ ಸೇರಿಸಲು ಶಿಫಾರಸು ಮಾಡಿತು. ಅದೇ ಅಕ್ಟೋಬರಿನಲ್ಲಿ ಸಾರ್ವಜನಿಕ ಹೂಡಿಕೆ ಮಂಡಳಿಯ ಮುಂದೆ ಬಂದಿತು. 2023ರ ಫೆಬ್ರವರಿ 1ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿಗಳ ನೆರವನ್ನು ಘೋಷಿಸಿದರು. ಅಂದು ಚಿತ್ರದುರ್ಗದಲ್ಲಿ ಸಂತೋಷಪಡದವರಾರು?

ಆದರೆ ಘೋಷಣೆಯೇ ಹಣವಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿದೆ. 2024ರಲ್ಲಿಯೂ 2025ರಲ್ಲಿಯೂ ಆ ಹಣ ಕೈಸೇರಿಲ್ಲವೆಂದು ರಾಜ್ಯ ಸರ್ಕಾರ ದೆಹಲಿಯನ್ನು ಕೇಳುತ್ತಲೇ ಬಂದಿತು. ಚಿತ್ರದುರ್ಗದಲ್ಲಿ ರೈತರು ಧರಣಿ ಕುಳಿತರು. ಯಾರದು ಸರಿ, ಯಾರದು ತಪ್ಪು ಎಂಬ ರಾಜಕೀಯ ಚರ್ಚೆ ಈ ಪತ್ರಿಕೆಯ ಕೆಲಸವಲ್ಲ. ಮಂಜೂರಾತಿಗೂ ಬಿಡುಗಡೆಗೂ ನಡುವೆ ಒಂದು ದೊಡ್ಡ ಹಳ್ಳವಿದೆ, ಅದನ್ನು ದಾಟುವ ಕಾಗದಗಳು ಬೇರೆಯೇ ಇವೆ ಎಂಬುದಷ್ಟನ್ನು ನಾವು ನೆನಪಿಡಬೇಕು.

ಇನ್ನೊಂದು ಅಡಚಣೆ ನೆಲದ್ದು. ಅಬ್ಬಿನಹೊಳಲು ಬಳಿ ಜಮೀನಿನ ಪರಿಹಾರದ ತಕರಾರಿನಿಂದ ಎರಡು ಕಿಲೋಮೀಟರಿಗೂ ಕಡಿಮೆ ಉದ್ದದ ಕಾಲುವೆ ಕೆಲಸ ಬಹುಕಾಲ ನಿಂತಿತು. ಸಾವಿರಾರು ಕೋಟಿಯ ಯೋಜನೆ ಅಷ್ಟು ಚಿಕ್ಕ ನೆಲದಲ್ಲಿ ಸಿಕ್ಕಿಕೊಂಡಿತು. ಜಮೀನು ಕಳೆದುಕೊಳ್ಳುವವನ ಸಂಕಟ ಸುಳ್ಳಲ್ಲ. ಅದನ್ನು ಮೊದಲೇ ಕೇಳದೆ ಹೋದರೆ ಕಾಮಗಾರಿ ಮುಂದೆ ಹೋಗದು ಎಂಬುದೂ ಸುಳ್ಳಲ್ಲ.

ಅಡಿಕೆ ಬೆಳೆಗಾರರು ತಿಳಿಯಬೇಕಾದ ಒಂದು ಮಾತು

ಭದ್ರಾ ನೀರು ಬಂದರೆ ಬೇಸಿಗೆಯಲ್ಲಿ ತೋಟಕ್ಕೆ ನೇರವಾಗಿ ಕಾಲುವೆ ನೀರು ಹರಿಯುತ್ತದೆ ಎಂದು ನಂಬಿರುವ ಸದಸ್ಯರು ಅನೇಕರಿದ್ದಾರೆ. ಯೋಜನೆಯ ವರದಿಯಲ್ಲಿ ನೀರಾವರಿ ಇರುವುದು ಮುಂಗಾರು ಹಂಗಾಮಿಗೆ. ಅಡಿಕೆಗೆ ನೀರು ಬೇಕಾಗುವುದು ಮಾರ್ಗಶಿರದಿಂದ ವೈಶಾಖದ ವರೆಗೆ. ಹಾಗಾದರೆ ನಮಗೆ ಪ್ರಯೋಜನವಿಲ್ಲವೆ? ಇದೆ; ಆದರೆ ಅದು ಬರುವುದು ಕೆರೆಯ ಮೂಲಕ. ಕೆರೆ ತುಂಬಿದರೆ ಕೊಳವೆಬಾವಿ ಬದುಕುತ್ತದೆ, ಕೊಳವೆಬಾವಿ ಬದುಕಿದರೆ ತೋಟ ಬದುಕುತ್ತದೆ. ಕೆರೆಯಲ್ಲಿ ಹೂಳು ತುಂಬಿದ್ದರೆ, ತೂಬು ಮುರಿದಿದ್ದರೆ, ಕೋಡಿ ಒಡೆದಿದ್ದರೆ ಸಾವಿರ ಕೋಟಿಯ ನೀರು ಬಂದರೂ ನಿಲ್ಲುವುದೆಲ್ಲಿ? ಆದ್ದರಿಂದ ದೊಡ್ಡ ಅರ್ಜಿ ಸರ್ಕಾರದ್ದಾದರೆ, ಚಿಕ್ಕ ಅರ್ಜಿ ನಮ್ಮದು.

ಕಾಫಿ ಬೆಳೆಯುವ ಸದಸ್ಯರು ಇದು ಬಯಲುಸೀಮೆಯವರ ಪಾಡು ಎಂದು ಪುಟ ಮಗುಚಬಾರದು. ವೇದಾವತಿ ಹುಟ್ಟುವುದು ಬಾಬಾಬುಡನ್ ಗಿರಿಯ ಕಾಫಿ ಸೀಮೆಯಲ್ಲಿ. ವೇದಾ ಹೊಳೆ ಅಯ್ಯನಕೆರೆಯನ್ನೂ ಅವತಿ ಹೊಳೆ ಮದಗದ ಕೆರೆಯನ್ನೂ ತುಂಬಿ, ಕಡೂರಿನ ಬಳಿ ಕೂಡಿ, ಹಿರಿಯೂರಿನ ಮಾರಿಕಣಿವೆಯಲ್ಲಿ ನಿಲ್ಲುತ್ತವೆ. 1907ರಲ್ಲಿ ಮೈಸೂರು ಸಂಸ್ಥಾನ ಕಟ್ಟಿ ಮುಗಿಸಿದ, ವಾಣಿವಿಲಾಸ ಸಾಗರವೆಂದು ಮಹಾರಾಣಿಯವರ ಹೆಸರು ಹೊತ್ತ 130 ಅಡಿಯ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 89 ವರ್ಷಗಳ ಬಳಿಕ, 2022ರಲ್ಲಿ. ಆಮೇಲೆ 2025ರ ಜನವರಿಯಲ್ಲಿ. 2019ರಿಂದ ಭದ್ರಾ ನೀರು ಸೇರತೊಡಗಿದ್ದು, ಒಳ್ಳೆಯ ಮಳೆ ಬಂದದ್ದು ಎರಡೂ ಇದಕ್ಕೆ ಕಾರಣ. ಮೇಲಿನವರ ಮಳೆಯೇ ಕೆಳಗಿನವರ ನೀರು.

ನಮ್ಮ ಚಿಕ್ಕ ಅರ್ಜಿ

ಈಗ ನಮ್ಮ ಕಥೆ. ಹೊಳಲ್ಕೆರೆ ಸೀಮೆಯ ನಮ್ಮ ಊರಿನ ಕೆರೆಗೆ 2018ರಲ್ಲಿ ಒಂದು ಹನಿ ನೀರು ಬರಲಿಲ್ಲ. ಮರುವರ್ಷ ನಾವು ಕೆಲವು ಬೆಳೆಗಾರರು ಕೂಡಿ, ಕೆರೆ ಹೂಳೆತ್ತಿ ಕೋಡಿ ದುರಸ್ತಿ ಮಾಡಿಸಬೇಕೆಂದು ಅರ್ಜಿ ಬರೆದೆವು. ಬರೆದದ್ದು ಎಂಥ ಅರ್ಜಿ! ರೈತನೇ ದೇಶದ ಬೆನ್ನೆಲುಬು ಎಂದು ಆರಂಭ. ತಮ್ಮ ಪಾದಾರವಿಂದಗಳಿಗೆ ಎಂದು ಮುಕ್ತಾಯ. ನಡುವೆ ಕೆರೆಯ ಸರ್ವೆ ನಂಬರ್ ಕೂಡ ಇರಲಿಲ್ಲ. ಕೆಳಗೆ 140 ರುಜು.

ಮೂರು ತಿಂಗಳ ಮೇಲೆ ಒಂದು ಸಾಲಿನ ಉತ್ತರ ಬಂದಿತು: ಈ ಕೆರೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ವಿಚಾರಿಸಿದಾಗ ತಿಳಿಯಿತು. ಅಚ್ಚುಕಟ್ಟು 40 ಹೆಕ್ಟೇರಿನ ವರೆಗಿನ ಕೆರೆಗಳು ಪಂಚಾಯತಿಗಳ ಸುಪರ್ದಿಗೆ ಸೇರಿದವು. ಅದಕ್ಕಿಂತ ಹೆಚ್ಚು, 2,000 ಹೆಕ್ಟೇರಿನ ವರೆಗಿನವು ಸಣ್ಣ ನೀರಾವರಿ ಇಲಾಖೆಯವು. ನಮ್ಮ ಕೆರೆಯ ಅಚ್ಚುಕಟ್ಟು ಎಷ್ಟೆಂದು ನೀರು ಕುಡಿದು ಬೆಳೆದ ನಮಗೇ ತಿಳಿದಿರಲಿಲ್ಲ. ತಪ್ಪು ಬಾಗಿಲು ತಟ್ಟಿ ಮೂರು ತಿಂಗಳು ಕಾದಿದ್ದೆವು.

ಎರಡನೆಯ ಸಲ ಗ್ರಾಮ ಪಂಚಾಯತಿಗೆ ಹೋದೆವು. ಗ್ರಾಮಸಭೆಯಲ್ಲಿ ಠರಾವು ಆಯಿತು. ಅಲ್ಲಿ ಒಬ್ಬ ತರುಣ ಇಂಜಿನಿಯರು ಬಂದು ಕೆರೆಯನ್ನು ನೋಡಿ ಕೇಳಿದ ಪ್ರಶ್ನೆಗೆ ನಾವು ತಬ್ಬಿಬ್ಬಾದೆವು: ಹೂಳೆತ್ತುವುದು ಇರಲಿ, ಈ ಕೆರೆಗೆ ನೀರು ಬರುವ ದಾರಿ ಯಾವುದು?

ಭೂಮಾಪಕರು ಬಂದು ಸರಪಳಿ ಹಿಡಿದರು. ಗ್ರಾಮ ನಕ್ಷೆಯಲ್ಲಿ ಕೆರೆಗೆ ನೀರು ತರುವ ರಾಜಕಾಲುವೆ 12 ಅಡಿ ಅಗಲವಿತ್ತು. ನೆಲದ ಮೇಲೆ ಅದು ನಾಲ್ಕು ಅಡಿ. ಒಂದು ಕಡೆ ಎರಡೇ ಅಡಿ. ಉಳಿದ ಜಾಗದಲ್ಲಿ ಏನಿತ್ತು? ಅಡಿಕೆ ಮರಗಳಿದ್ದವು. ಅರ್ಜಿಗೆ ರುಜು ಹಾಕಿದವರ ಮರಗಳು. ನಾಲ್ಕು ತೋಟಗಳವು, ನಾಲ್ಕರಲ್ಲಿ ಒಂದು ನಮ್ಮದೇ. ನಮ್ಮ ಪಾಲಿಗೆ ಬಂದದ್ದು 17 ಮರ, ಹದಿನಾಲ್ಕು ವರ್ಷದ ಫಲದ ಮರ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಬೇರೆಯವರನ್ನು ಎಷ್ಟೋ ಸಲ ಆಡಿಕೊಂಡಿದ್ದ ನಾವು ಅಂದು ತಲೆ ತಗ್ಗಿಸಿದೆವು.

ಒತ್ತುವರಿ ತೆರವಾಗದೆ ಅಂದಾಜುಪಟ್ಟಿ ತಯಾರಾಗುವುದಿಲ್ಲ ಎಂದು ಹೇಳಿ ಅವರು ಹೊರಟುಹೋದರು. ಗುಡಿಯ ಕಟ್ಟೆಯ ಮೇಲೆ ಮೂರು ಸಂಜೆ ಸಭೆ ನಡೆಯಿತು. ಅಪ್ಪನ ಕಾಲದಿಂದ ಅನುಭವದಲ್ಲಿದೆ ಎಂದರು ಒಬ್ಬರು. ಪರಿಹಾರ ಕೊಡಿಸಿ ಎಂದರು ಇನ್ನೊಬ್ಬರು. ಕೆರೆಯೇ ಬತ್ತಿದೆ, ಕಾಲುವೆ ಬಿಡಿಸಿ ಏನು ಮಾಡುವುದು ಎಂದವರೂ ಉಂಟು. ಮೂರನೆಯ ಸಂಜೆ, ಅಚ್ಚುಕಟ್ಟಿನ ಕೊನೆಯಲ್ಲಿ ಅರ್ಧ ಎಕರೆ ಇರುವ ಹಿರಿಯರೊಬ್ಬರು ಎದ್ದು ನಿಂತು, ತಮ್ಮ ತೋಟದಲ್ಲಿ ಎಲ್ಲ ಮರ ಒಣಗಿ ಹೋಗಿರುವುದನ್ನು ಹೇಳಿ, ಸುಮ್ಮನೆ ಕುಳಿತುಬಿಟ್ಟರು. ಆಮೇಲೆ ಯಾರೂ ಮಾತಾಡಲಿಲ್ಲ. ಮರುದಿನ ನಮ್ಮ 17 ಮರಗಳನ್ನು ನಾವೇ ಕಡಿಸಿದೆವು. ಉಳಿದ ಮೂರು ಮನೆಯವರೂ ವಾರದೊಳಗೆ ಬಿಡಿಸಿಕೊಟ್ಟರು. ಇದನ್ನು ದೊಡ್ಡಸ್ತಿಕೆಗೆ ಬರೆಯುತ್ತಿಲ್ಲ. ಹದಿನಾಲ್ಕು ವರ್ಷ ಊರಿನ ನೀರನ್ನು ತಡೆದು ಫಲ ತಿಂದದ್ದೂ ನಾವೇ.

ಅನಂತರ ಬರೆದ ಮೂರನೆಯ ಅರ್ಜಿ ಎರಡೂವರೆ ಹಾಳೆಯದು. ಅದಕ್ಕೆ ಲಗತ್ತುಗಳು ಹನ್ನೊಂದು. ಕೇಳಿದ್ದೆಲ್ಲ ಮಂಜೂರಾಗಲಿಲ್ಲ, ಕಾಲುವೆ ಮತ್ತು ಕೋಡಿಯ ಕೆಲಸ ಆಯಿತು, ಹೂಳಿನದು ಉಳಿಯಿತು. 2022ರ ಮಳೆಗೆ ಕೆರೆ ತುಂಬಿತು. ಅದು ಮಳೆಯ ಪುಣ್ಯ. ಆದರೆ ಬಿದ್ದ ನೀರು ಊರು ಬಿಟ್ಟು ಹೋಗದೆ ಕೆರೆಗೆ ಬಂದದ್ದು ಕಾಲುವೆಯ ಪುಣ್ಯ.

ಅರ್ಜಿಯಲ್ಲಿ ಏನಿರಬೇಕು?

ಈ ಅನುಭವದಿಂದ ನಾವು ಕಲಿತದ್ದನ್ನು ಸದಸ್ಯರ ಅನುಕೂಲಕ್ಕಾಗಿ ಕೆಳಗೆ ಕೊಟ್ಟಿದೆ.

1. ಬಾಗಿಲು ಯಾವುದು? ಕೆರೆಯ ಅಚ್ಚುಕಟ್ಟು ಎಷ್ಟು ಹೆಕ್ಟೇರೆಂದು ದಾಖಲೆಯಿಂದ ತಿಳಿದುಕೊಳ್ಳಿ. ಅದರ ಮೇಲೆ ಯಾರಿಗೆ ಬರೆಯಬೇಕೆಂಬುದು ನಿರ್ಧಾರವಾಗುತ್ತದೆ.

2. ನೆಲ ಯಾರದು? ಕೆರೆ, ಕಾಲುವೆ, ಕೋಡಿಹಳ್ಳಗಳ ಸರ್ವೆ ನಂಬರ್, ಪಹಣಿ, ಗ್ರಾಮ ನಕ್ಷೆ ಸೇರಿಸಿ. ಒತ್ತುವರಿ ಇದ್ದರೆ ಅರ್ಜಿಗೆ ಮೊದಲೇ ಬಿಡಿಸಿಕೊಳ್ಳಿ. ಖಾಸಗಿ ಜಮೀನು ಬೇಕಾದರೆ ಮಾಲೀಕರ ಲಿಖಿತ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಮಗನ ಕಾಲಕ್ಕೆ ನಿಲ್ಲುವುದಿಲ್ಲ.

3. ಠರಾವು. ಗ್ರಾಮಸಭೆಯ ನಡಾವಳಿಯ ಪ್ರತಿ ಇರಲಿ. ನೂರು ರುಜುವಿಗಿಂತ ಒಂದು ಠರಾವಿಗೆ ಬೆಲೆ ಹೆಚ್ಚು. ಪಂಚಾಯತಿಯ ಕ್ರಿಯಾಯೋಜನೆಯಲ್ಲಿ ಕೆಲಸದ ಹೆಸರು ಸೇರಿದೆಯೇ ಎಂದು ನೋಡಿಕೊಳ್ಳಿ.

4. ಅಳತೆ ಮತ್ತು ಲೆಕ್ಕ. ಕೆರೆ ದೊಡ್ಡದು ಎಂದು ಬರೆಯಬೇಡಿ; ಅಂಕಿ ಬರೆಯಿರಿ. ನೀರು ನಿಲ್ಲುವ ಜಾಗ 20 ಎಕರೆ, ಸರಾಸರಿ ಆಳ ನಾಲ್ಕು ಅಡಿ ಎಂದಾದರೆ 80 ಎಕರೆ-ಅಡಿ, ಅಂದರೆ ಸುಮಾರು 35 ಲಕ್ಷ ಘನ ಅಡಿ ನೀರು. ಅದೇ ಕೆರೆಯಲ್ಲಿ ಒಂದು ಅಡಿ ಹೂಳು ತೆಗೆದರೆ 8,71,200 ಘನ ಅಡಿ ಮಣ್ಣು. ಟ್ರ್ಯಾಕ್ಟರ್ ಟ್ರೈಲರಿಗೆ ನೂರು ಘನ ಅಡಿಯಂತೆ 8,712 ಲೋಡು! ಇಷ್ಟು ಮಣ್ಣು ಯಾರ ಹೊಲಕ್ಕೆ ಹೋಗುತ್ತದೆ, ಯಾರು ಸಾಗಿಸುತ್ತಾರೆ ಎಂದು ಅರ್ಜಿಯಲ್ಲೇ ಬರೆದರೆ ಖರ್ಚು ಇಳಿಯುತ್ತದೆ, ಒಪ್ಪಿಗೆ ಸುಲಭವಾಗುತ್ತದೆ.

5. ಫಲಾನುಭವಿಗಳು. ಅಚ್ಚುಕಟ್ಟಿನವರಷ್ಟೇ ಅಲ್ಲ, ಸುತ್ತಲಿನ ಕೊಳವೆಬಾವಿಗಳ ಸಂಖ್ಯೆ, ಅವುಗಳ ಆಳ, ಬತ್ತಿದ ವರ್ಷ, ಕುಡಿಯುವ ನೀರಿನ ಮೂಲಗಳು, ದನಕರುಗಳು, ಜಮೀನಿಲ್ಲದ ಮನೆಗಳು ಎಲ್ಲವನ್ನೂ ಪಟ್ಟಿ ಮಾಡಿ. ಸಾರ್ವಜನಿಕ ಹಣ ನಾಲ್ಕು ತೋಟದವರಿಗಾಗಿ ಎಂದು ತೋರಿದರೆ ಅರ್ಜಿ ಅಲ್ಲಿಗೇ ಮುಗಿಯಿತು.

6. ಅಂದಾಜುಪಟ್ಟಿ. ಇದನ್ನು ಇಂಜಿನಿಯರರು ಚಾಲ್ತಿಯ ದರಪಟ್ಟಿಯ ಮೇಲೆ ತಯಾರಿಸುತ್ತಾರೆ. ಗುತ್ತಿಗೆದಾರರಿಂದ ಬರೆಸಿಕೊಂಡು ಹೋಗಬೇಡಿ. ಆಡಳಿತ ಮಂಜೂರಾತಿ ಒಂದು, ತಾಂತ್ರಿಕ ಮಂಜೂರಾತಿ ಇನ್ನೊಂದು. ಎರಡೂ ಆಗದೆ ಟೆಂಡರ್ ಆಗದು. ಟೆಂಡರು 1999ರ ಪಾರದರ್ಶಕತೆ ಕಾನೂನಿನಂತೆ ನಡೆಯಬೇಕು. ಪಂಚಾಯತಿ ಅಧ್ಯಕ್ಷರ ನೆಂಟರಿಗೆ ಕೆಲಸ ಎಂದು ಅರ್ಜಿ ಬರೆಯುವ ದಿನವೇ ಮಾತಾದರೆ ಮುಂದಿನ ಜಗಳಕ್ಕೆ ಅದೇ ಬೀಜ.

7. ಮುಂದಿನ ನಿರ್ವಹಣೆ. ಕೆಲಸ ಮುಗಿದ ಮೇಲೆ ತೂಬು ಎತ್ತುವವರು ಯಾರು, ಕಾಲುವೆಯ ಹುಲ್ಲು ತೆಗೆಯುವವರು ಯಾರು? 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಜಲಸಂವರ್ಧನೆ ಯೋಜನೆಯಲ್ಲಿ ಕೆರೆ ಬಳಕೆದಾರರ ಸಂಘಗಳು ತಮ್ಮ ಪಾಲಿನ ವಂತಿಗೆ ಹಾಕಿ ಕೆಲಸ ಮಾಡಿಸಬೇಕಿತ್ತು. ತಾವೂ ಹಣ ಹಾಕಿದ ಕೆರೆಯನ್ನು ಜನ ಕಾಯುತ್ತಾರೆ. ನಿಮ್ಮ ಅರ್ಜಿಯಲ್ಲಿಯೂ ಊರಿನ ಪಾಲು ಇಷ್ಟು ಎಂದು ಕಾಣಿಸಿ. ಹಣವಿಲ್ಲದಿದ್ದರೆ ಶ್ರಮವನ್ನಾದರೂ ಕಾಣಿಸಿ.

8. ನೆನಪೋಲೆ. ಸ್ವೀಕೃತಿ ಪಡೆಯದೆ ಅರ್ಜಿ ಕೊಡಬೇಡಿ. ತಿಂಗಳಿಗೊಮ್ಮೆ ಒಂದೇ ಮನುಷ್ಯ ಹೋಗಿ ವಿಚಾರಿಸಲಿ. ದಿನಕ್ಕೊಬ್ಬರು ಹೋದರೆ ಕಡತ ಯಾರ ಮೇಜಿನಲ್ಲಿದೆ ಎಂದು ಯಾರಿಗೂ ತಿಳಿಯದು. ಕಡತ ಕಾಣೆಯಾದರೆ 2005ರ ಮಾಹಿತಿ ಹಕ್ಕಿನ ಕಾನೂನು ಇದೆ. ಅದನ್ನು ಬೆದರಿಕೆಯಾಗಿ ಬಳಸದೆ ಪ್ರಶ್ನೆಯಾಗಿ ಬಳಸಿದರೆ ಉತ್ತರ ಬೇಗ ಬರುತ್ತದೆ.

ಕೊನೆಯ ಮಾತು

ಭದ್ರಾ ಮೇಲ್ದಂಡೆಯ ಅರ್ಜಿಗೂ ನಮ್ಮ ಕೆರೆಯ ಅರ್ಜಿಗೂ ಹೋಲಿಕೆ ಆನೆಗೂ ಇರುವೆಗೂ ಇರುವಂತಹುದು. ಆದರೆ ಎರಡನ್ನೂ ಕೇಳಿದ ಪ್ರಶ್ನೆಗಳು ಒಂದೇ. ನೀರು ಎಲ್ಲಿಂದ? ನೆಲ ಯಾರದು? ಲೆಕ್ಕ ಎಲ್ಲಿ? ಫಲ ಯಾರಿಗೆ? ಆಮೇಲೆ ಕಾಯುವವರು ಯಾರು? ಈ ಐದಕ್ಕೆ ಉತ್ತರವಿಲ್ಲದ ಅರ್ಜಿ ವಿಧಾನಸೌಧದಿಂದ ಹೊರಟಿದ್ದರೂ ನಿಲ್ಲುತ್ತದೆ, ನಮ್ಮ ಗುಡಿಕಟ್ಟೆಯಿಂದ ಹೊರಟಿದ್ದರೂ ನಿಲ್ಲುತ್ತದೆ.

ದೊಡ್ಡ ಕಾಲುವೆಯ ನೀರು ಒಂದು ದಿನ ನಮ್ಮ ಊರುಗಳ ಕೆರೆ ಬಾಗಿಲಿಗೆ ಬಂದೇ ಬರುತ್ತದೆ ಎಂದು ನಾವು ನಂಬಿದ್ದೇವೆ. ಅಂದು ಕೆರೆ ಸಿದ್ಧವಾಗಿರಬೇಕು. ಬೆಳೆಗಾರ ಬಂಧುಗಳು ಈ ಬೇಸಿಗೆಯಲ್ಲಿ ಒಂದು ಸಂಜೆ ಬಿಡುವು ಮಾಡಿಕೊಂಡು, ಗ್ರಾಮ ನಕ್ಷೆ ಹಿಡಿದು ತಮ್ಮ ಕೆರೆಯ ಕಾಲುವೆಯುದ್ದಕ್ಕೂ ಒಮ್ಮೆ ನಡೆದು ಬರಲಿ. ನಕ್ಷೆಯಲ್ಲಿರುವ ಅಗಲ ನೆಲದ ಮೇಲೆ ಇದೆಯೇ ಎಂದು ನೋಡಲಿ. ಇಲ್ಲದಿದ್ದರೆ, ಅರ್ಜಿಯ ಮೊದಲ ಸಾಲನ್ನು ಲೇಖನಿಯಿಂದಲ್ಲ, ಗುದ್ದಲಿಯಿಂದ ಬರೆಯಬೇಕಾಗುತ್ತದೆ.